ಭರತ ನೋಡಿ ದೋಣಿ ಏರಿ: ಕಾಸರಗೋಡಿನ ಹೊಳೆಗಳಲ್ಲಿ ಊರಿಂದ ಊರಿಗೆ

ಕಾಸರಗೋಡು ಜಿಲ್ಲೆಯಲ್ಲಿ ಹನ್ನೆರಡು ಹೊಳೆಗಳಿವೆ ಎಂಬುದು ಇಲ್ಲಿನವರಿಗೆಲ್ಲ ಗೊತ್ತಿರುವ ಲೆಕ್ಕ. ಆದರೆ ನಮ್ಮಲ್ಲಿ ಹೆಚ್ಚಿನವರು ಈ ಹೊಳೆಗಳನ್ನು ಕಂಡಿರುವುದು ಸೇತುವೆಯ ಮೇಲಿನಿಂದ, ಬಸ್ಸೋ ರೈಲೋ ದಾಟುವ ಅರೆಗಳಿಗೆಯಲ್ಲಿ ಮಾತ್ರ. ದೋಣಿಯಲ್ಲಿ ಕುಳಿತು ಹೊಳೆಯ ದಾರಿಯಲ್ಲೇ ಹೋಗಿ, ದಡದ ಊರುಗಳಲ್ಲಿ ಇಳಿದು ನೋಡಿ ಬರಬೇಕೆನ್ನುವವರಿಗೆ ಮೊದಲು ತಿಳಿದಿರಬೇಕಾದ ಸಂಗತಿಯೊಂದಿದೆ. ನಮ್ಮ ಹೊಳೆಗಳು ಒಂದಕ್ಕೊಂದು ಕೂಡಿಕೊಂಡು ಉದ್ದಕ್ಕೆ ಹರಿಯುವಂಥವಲ್ಲ. ಅವು ಘಟ್ಟದಿಂದಲೋ ಹತ್ತಿರದ ಗುಡ್ಡಗಳಿಂದಲೋ ಇಳಿದು, ಬಹುಮಟ್ಟಿಗೆ ತಮ್ಮ ತಮ್ಮ ಅಳಿವೆಯಲ್ಲೇ ಕಡಲನ್ನು ಸೇರುತ್ತವೆ. ಆದ್ದರಿಂದ ಮಂಜೇಶ್ವರದಲ್ಲಿ ದೋಣಿ ಹತ್ತಿ ಪಯ್ಯನ್ನೂರಿನಲ್ಲಿ ಇಳಿಯುವ ಪ್ರಯಾಣ ಸಾಧ್ಯವಿಲ್ಲ. ಒಂದು ಹೊಳೆಯ ಕೆಳಭಾಗವನ್ನು ದೋಣಿಯಲ್ಲಿ ನೋಡಿ, ಅಲ್ಲಿಂದ ರೈಲಿನಲ್ಲಿ ಮುಂದಿನ ಹೊಳೆಗೆ ಹೋಗಿ, ಮತ್ತೆ ದೋಣಿ ಹಿಡಿಯುವುದೇ ಇಲ್ಲಿನ ಕ್ರಮ. ರೈಲುಮಾರ್ಗವು ಕಡಲಿಗೆ ಹತ್ತಿರವಾಗಿ ಹೋಗುವುದರಿಂದ ಇದು ಕಷ್ಟದ ಕೆಲಸವಲ್ಲ.

ಹನ್ನೆರಡೂ ಹೊಳೆಗಳು ದೋಣಿಯ ಪ್ರಯಾಣಕ್ಕೆ ಒದಗುವುದಿಲ್ಲ. ಮಂಜೇಶ್ವರದ ಹೊಳೆ ಕೇವಲ 16 ಕಿಲೋಮೀಟರಿನದು. ಇಡೀ ಕೇರಳ ರಾಜ್ಯದಲ್ಲೇ ಅತಿ ಚಿಕ್ಕದು. ಉಪ್ಪಳ, ಮೊಗ್ರಾಲ್ ಹೊಳೆಗಳಲ್ಲಿ ಅಳಿವೆಯಿಂದ ಸ್ವಲ್ಪ ಮೇಲೆ ಹೋಗುವಷ್ಟರಲ್ಲಿ ನೀರು ತೆಳುವಾಗುತ್ತದೆ. ಶಿರಿಯ ಹೊಳೆಯ ಕುಂಬಳೆ ಭಾಗದ ಹಿನ್ನೀರು ಹಕ್ಕಿ ನೋಡುವವರಿಗೆ ಬೆಳಗ್ಗಿನ ಒಂದೆರಡು ಗಂಟೆಗೆ ಚೆನ್ನಾಗಿದೆ. ಕೆಳದಿ ಅರಸರ ಕಾಲದ ಆರಿಕ್ಕಾಡಿ ಕೋಟೆಯೂ ಅಲ್ಲೇ ಸಮೀಪದಲ್ಲಿದೆ. ಆದರೂ ಒಂದು ಪೂರ್ತಿ ದಿನವನ್ನು ನೀರಿನ ಮೇಲೆ ಕಳೆಯಬೇಕೆನ್ನುವವರು ಆರಿಸಿಕೊಳ್ಳಬೇಕಾದದ್ದು ಎರಡು ಕಡೆಗಳನ್ನು. ಒಂದು, ಕಾಸರಗೋಡು ಪೇಟೆಯ ತೆಂಕು ಬದಿಯ ಚಂದ್ರಗಿರಿ. ಇನ್ನೊಂದು, ನೀಲೇಶ್ವರದ ತೇಜಸ್ವಿನಿ ಹೊಳೆಯಿಂದ ತೊಡಗಿ ವಲಿಯಪರಂಬದ ಹಿನ್ನೀರಿನ ಮೂಲಕ ತ್ರಿಕ್ಕರಿಪುರದ ಕಡೆಗೆ ಹೋಗುವ ನೀರಿನ ದಾರಿ. ಎರಡಕ್ಕೂ ಒಂದೊಂದು ದಿನ ಮೀಸಲಿಡುವುದು ಒಳ್ಳೆಯದು.

ಕಾಲದ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗಬೇಡಿ. ಘಟ್ಟದಲ್ಲಿ ಮಳೆ ಸುರಿದರೆ ಇಲ್ಲಿ ಬಿಸಿಲಿದ್ದರೂ ಹೊಳೆ ಕೆಂಪಾಗಿ ಏರುತ್ತದೆ, ಮರದ ದಿಮ್ಮಿಗಳು ತೇಲಿ ಬರುತ್ತವೆ. ನವೆಂಬರ್‌ನಿಂದ ಫೆಬ್ರವರಿವರೆಗಿನ ತಿಂಗಳುಗಳು ಎಲ್ಲಕ್ಕಿಂತ ಉತ್ತಮ. ಮಾರ್ಚ್‌ನಿಂದ ಮೇವರೆಗೆ ಹೋಗಬಹುದಾದರೂ ಬಿಸಿಲು ಜೋರು. ಆ ತಿಂಗಳುಗಳಲ್ಲಿ ಗಾಳಿಮಳೆಯ ಸುಳಿವೇ ಇಲ್ಲದೆ ಕಡಲು ಉಕ್ಕಿ ದಡಕ್ಕೆ ನುಗ್ಗುವ 'ಕಳ್ಳಕ್ಕಡಲ್' ಕೂಡ ಬರುವುದುಂಟು. ಹೈದರಾಬಾದಿನಲ್ಲಿರುವ, ಕಡಲಿನ ಮಾಹಿತಿ ಕೊಡುವ ಕೇಂದ್ರ ಸರಕಾರದ ಇನ್‌ಕೋಯಿಸ್ ಸಂಸ್ಥೆಯು ಇದರ ಬಗ್ಗೆ ಮುನ್ನೆಚ್ಚರಿಕೆ ಕೊಡುತ್ತದೆ. ಎಚ್ಚರಿಕೆ ಇರುವ ದಿನ ಅಳಿವೆಯ ಬಾಗಿಲಿನತ್ತ ದೋಣಿ ತಿರುಗಿಸಲೇಬಾರದು.

ಇನ್ನು ಭರತ-ಇಳಿತದ, ಅಂದರೆ ಉಬ್ಬರವಿಳಿತದ ವಿಷಯ. ಈ ಬರಹದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಹೊರಡುವ ಹೊತ್ತನ್ನು ನಿಮ್ಮ ಕೈಗಡಿಯಾರಕ್ಕೆ ಬಿಡದೆ ನೀರಿಗೆ ಬಿಡಬೇಕು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ನೀರು ಏರಲು ಸುಮಾರು ಆರು ಗಂಟೆ, ಇಳಿಯಲು ಸುಮಾರು ಆರು ಗಂಟೆ. ಇಂದಿನ ಭರತದ ಹೊತ್ತಿಗೆ ಸುಮಾರು 50 ನಿಮಿಷ ಕೂಡಿಸಿದರೆ ನಾಳಿನ ಭರತದ ಹೊತ್ತು ಸಿಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಹೊತ್ತಿಗೆ ಕಡಿಮೆ. ಏರಿಳಿತ ಒಂದು ಮೀಟರಿನ ಆಸುಪಾಸಿನದಾದರೂ ಹೊಳೆಯ ತಳ ತೆಳುವಾಗಿರುವ ಕಡೆ ದೋಣಿ ತೇಲುವುದೋ ಹೊಯಿಗೆಯ (ಮರಳಿನ) ಮೇಲೆ ಕೂರುವುದೋ ಎಂಬುದನ್ನು ತೀರ್ಮಾನಿಸುವುದು ಅದೇ ಒಂದು ಮೀಟರು. ಮಂಗಳೂರು ಬಂದರಿನ ಉಬ್ಬರವಿಳಿತದ ಪಟ್ಟಿ ಅಂತರಜಾಲದಲ್ಲಿ ಸುಲಭವಾಗಿ ಸಿಗುತ್ತದೆ. ಕಾಸರಗೋಡಿನ ಅಳಿವೆಗಳಿಗೂ ಅದನ್ನೇ ಸ್ಥೂಲವಾಗಿ ಹಿಡಿಯಬಹುದು. ಆದರೆ ಅಳಿವೆಯಲ್ಲಿ ನೀರು ಏರತೊಡಗಿದ ಬಳಿಕ ಆ ಏರಿಕೆ ಹೊಳೆಯ ಮೇಲ್ಭಾಗಕ್ಕೆ ಮುಟ್ಟಲು ಹೊತ್ತು ಹಿಡಿಯುತ್ತದೆಂಬುದನ್ನು ಮರೆಯಬಾರದು. ಮೇಲೆ ಮೇಲೆ ಹೋದಂತೆ ಭರತ ತಡವಾಗುತ್ತದೆ.

ಪಟ್ಟಿ ಕೈಯಲ್ಲಿಲ್ಲದಿದ್ದರೆ ಕಡವಿನಲ್ಲಿ, ಅಂದರೆ ದೋಣಿ ಹತ್ತುವ ದಡದಲ್ಲಿ, ನಿಂತೇ ನೀರನ್ನು ಓದಬಹುದು. ಸೇತುವೆಯ ಕಂಬವನ್ನೋ ಕಲ್ಲಿನ ಮೆಟ್ಟಿಲನ್ನೋ ನೋಡಿ: ನೀರಿನ ಮಟ್ಟದಿಂದ ಮೇಲೆ ಒಂದು ಗೇಣು ಕಪ್ಪಗೆ ಒದ್ದೆಯಾಗಿ, ಅಂಟಿಕೊಂಡ ಚಿಪ್ಪುಗಳು ಹೊಳೆಯುತ್ತಿದ್ದರೆ ನೀರು ಇಳಿಯುತ್ತಿದೆ; ಒಣಗಿ ಬೆಳ್ಳಗಾದ ಚಿಪ್ಪುಗಳನ್ನೇ ನೀರು ಮುಟ್ಟುತ್ತಿದ್ದರೆ ಏರುತ್ತಿದೆ. ಒಂದೇ ಹಗ್ಗಕ್ಕೆ ಕಟ್ಟಿ ಬಿಟ್ಟ ದೋಣಿ ಮೂತಿಯನ್ನು ಸೆಳೆತ ಬರುವ ಕಡೆಗೆ ತಿರುಗಿಸಿಕೊಂಡಿರುತ್ತದೆ: ಕಡಲಿನ ಕಡೆಗೆ ಮೂತಿಯಿದ್ದರೆ ಭರತ, ಘಟ್ಟದ ಕಡೆಗಿದ್ದರೆ ಇಳಿತ. ಗಾಳಿ ಜೋರಾಗಿದ್ದಾಗ ಮಾತ್ರ ಈ ಗುರುತು ನಂಬುವಂಥದ್ದಲ್ಲ. ಆಗ ಉಪ್ಪುನೀರಿನ ದಡದಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಉದುರಿದ ಎಲೆ ಎತ್ತ ಸಾಗುತ್ತಿದೆಯೆಂದು ನೋಡಬೇಕು.

ಇದನ್ನು ಬಳಸುವ ಬಗೆ ಸರಳವಾಗಿದೆ. ಹೊಳೆಯಲ್ಲಿ ಮೇಲಕ್ಕೆ ಹೋಗಿ ಹಿಂತಿರುಗುವ ಪ್ರಯಾಣಕ್ಕೆ, ಬೆಳಗ್ಗೆ ಆರು-ಏಳರ ಹೊತ್ತಿಗೆ ಇಳಿತ ಮುಗಿಯುವ ದಿನವನ್ನು ಆರಿಸಿಕೊಳ್ಳಬೇಕು. ಆಗ ಬೆಳಗ್ಗೆ ಏರುವ ನೀರಿನೊಂದಿಗೆ ಮೇಲಕ್ಕೆ ಹೋಗಿ, ಮಧ್ಯಾಹ್ನ ಭರತ ನಿಂತಾಗ ಊಟ ಮುಗಿಸಿ, ಇಳಿಯುವ ನೀರಿನೊಂದಿಗೆ ಹಿಂದಿರುಗಬಹುದು. ಎಂಜಿನ್ ಇದ್ದರೆ ಎಣ್ಣೆ ಉಳಿಯುತ್ತದೆ, ಹುಟ್ಟು ಹಾಕುವವರಿದ್ದರೆ ಅವರ ರಟ್ಟೆ ಉಳಿಯುತ್ತದೆ. ತೊಡಕು ಒಂದೇ, ಮಧ್ಯಾಹ್ನದ ಬಳಿಕ ಪಡುವಣದಿಂದ ಏಳುವ ಕಡಲಗಾಳಿ ಹಿಂದಿರುಗುವಾಗ ಎದುರಾಗುತ್ತದೆ. ಚಿಕ್ಕ ದೋಣಿಯಾದರೆ ಆ ಗಾಳಿ ಬಲಿಯುವ ಮೊದಲೇ ತಿರುಗಿಸುವುದು ಲೇಸು. ಹಿನ್ನೀರಿನಲ್ಲಿ ಲೆಕ್ಕ ಬೇರೆ. ಅಲ್ಲಿ ನೀರು ಅರ್ಧ ಏರಿದ ಮೇಲೆ ಹೊರಡಿ. ಏರುವ ನೀರಿನಲ್ಲಿ ದೋಣಿ ಹೊಯಿಗೆ ದಿಬ್ಬಕ್ಕೆ ತಾಗಿದರೆ ಕಾಲು ಗಂಟೆಯಲ್ಲಿ ತಾನಾಗಿ ಎದ್ದೀತು. ಇಳಿಯುವ ನೀರಿನಲ್ಲಿ ತಾಗಿದರೆ ಮುಂದಿನ ಭರತದವರೆಗೆ ಅಲ್ಲೇ ಕುಳಿತು ಕೊಕ್ಕರೆ ಎಣಿಸಬೇಕಾದೀತು.

ದೋಣಿಯನ್ನು ಗೊತ್ತುಮಾಡುವಾಗ ಸಂಕೋಚ ಬಿಟ್ಟು ವಿಚಾರಿಸಬೇಕಾದ ಸಂಗತಿಗಳಿವೆ. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಪ್ರವಾಸಿ ದೋಣಿಯೊಂದು ಮಗುಚಿ, ಮಕ್ಕಳೂ ಸೇರಿದಂತೆ 22 ಜನ ತೀರಿಕೊಂಡರು. ಮೀನು ಹಿಡಿಯುವ ದೋಣಿಯನ್ನು ಮಾರ್ಪಡಿಸಿ ಎರಡಂತಸ್ತು ಮಾಡಿದ್ದರು. ಹಿಡಿಸುವುದಕ್ಕಿಂತ ಹೆಚ್ಚು ಜನರನ್ನು ಹತ್ತಿಸಿದ್ದರು. ಹೊರಟದ್ದು ಸಂಜೆ ಕವಿಯುವ ಹೊತ್ತಿನಲ್ಲಿ. ಈ ಮೂರನ್ನೂ ನಾವು ಕಡವಿನಲ್ಲಿ ನಿಂತೇ ನೋಡಿ ತಿಳಿಯಬಹುದಿತ್ತು ಎಂಬುದು ಕಹಿಯಾದ ಸತ್ಯ. 2021ರ ಒಳನಾಡು ಹಡಗುಗಳ ಕಾಯ್ದೆಯ ಪ್ರಕಾರ ಯಂತ್ರಚಾಲಿತ ದೋಣಿಗಳಿಗೆ ನೋಂದಣಿ, ತಪಾಸಣೆಯ ಪತ್ರ, ವಿಮೆ, ನಡೆಸುವವರಿಗೆ ಅರ್ಹತಾ ಪತ್ರ ಇರಬೇಕು. ನೋಂದಣಿ ಸಂಖ್ಯೆಯನ್ನೂ ಎಷ್ಟು ಜನ ಹತ್ತಬಹುದೆಂಬ ಸಂಖ್ಯೆಯನ್ನೂ ದೋಣಿಯ ಮೇಲೆ ಹುಡುಕಿ ಓದಿ. ತಲೆಗೊಂದರಂತೆ ಲೈಫ್ ಜಾಕೆಟ್ ಇದೆಯೇ, ಮಕ್ಕಳ ಅಳತೆಯದು ಇದೆಯೇ ಎಂದು ಎಣಿಸಿ ನೋಡಿ. "ಅದು ಒಳಗಿದೆ, ಬೇಕಾದಾಗ ಕೊಡುತ್ತೇವೆ" ಎಂಬ ಉತ್ತರ ಬಂದರೆ ಹತ್ತುವ ಮೊದಲೇ ಹೊರಗೆ ತೆಗೆಸಿ ತೊಟ್ಟುಕೊಳ್ಳಿ. ಬೇಕಾದ ಹೊತ್ತಿನಲ್ಲಿ ಅದನ್ನು ತೊಡಲು ಪುರುಸೊತ್ತು ಇರುವುದಿಲ್ಲ. ಸೆಲ್ಫಿಗಾಗಿ ಎಲ್ಲರೂ ಒಂದೇ ಬದಿಗೆ ಬರುವ ಅಭ್ಯಾಸವನ್ನು ನಿಮ್ಮ ಗುಂಪಿನವರಿಗೆ ಮೊದಲೇ ಕಟ್ಟುನಿಟ್ಟಾಗಿ ಬೇಡವೆನ್ನಿ. ಈಜು ಬಲ್ಲವರು ಸಹ ಹೊಳೆಗೆ ಇಳಿಯಬಾರದು. ಹೊಯಿಗೆ ತೆಗೆದ ಕಡೆಗಳಲ್ಲಿ ಮೊಣಕಾಲುದ್ದದ ನೀರು ಮುಂದಿನ ಹೆಜ್ಜೆಗೆ ಆಳುದ್ದವಾಗುತ್ತದೆ.

ಮೊದಲ ದಿನಕ್ಕೆ ಚಂದ್ರಗಿರಿಯನ್ನು ಇಟ್ಟುಕೊಳ್ಳಿ. ಕೊಡಗಿನ ಕಡೆಯ ಘಟ್ಟದಲ್ಲಿ ಹುಟ್ಟಿ, ಸುಳ್ಯದಲ್ಲಿ ಪಯಸ್ವಿನಿ ಎನಿಸಿಕೊಂಡು, ಅಡೂರಿನ ಮಹಾಲಿಂಗೇಶ್ವರ ದೇವಸ್ಥಾನದ ಬದಿಯಾಗಿ ಇಳಿದು ಬರುವ ಈ ಹೊಳೆಯ ಉದ್ದ 105 ಕಿಲೋಮೀಟರ್. ದೋಣಿಗೆ ಒದಗುವುದು ಭರತ ಮುಟ್ಟುವ ಕೆಳಭಾಗ ಮಾತ್ರ. ಚಂದ್ರಗಿರಿ ಸೇತುವೆಯ ಆಸುಪಾಸಿನ ಕಡವುಗಳಲ್ಲಿ ಹಿಂದಿನ ದಿನವೇ ವಿಚಾರಿಸಿ ದೋಣಿ ಗೊತ್ತುಮಾಡಿಕೊಳ್ಳಬೇಕು. ಬೆಳಗ್ಗೆ ಹೋಗಿ ನಿಂತರೆ ದೋಣಿಯವರು ಮೀನಿಗೆ ಹೋಗಿರುತ್ತಾರೆ. ಹೊರಟ ಬಳಿಕ ಮೊದಲು ಕೆಳಗೆ ಅಳಿವೆಯ ಕಡೆಗೆ ಸ್ವಲ್ಪ ದೂರ ಹೋಗಿ. ಬಡಗು ದಡದಲ್ಲಿ ತಳಂಗರೆ, ತೆಂಕು ದಡದಲ್ಲಿ ಕೀಳೂರು. ಅಳಿವೆಯ ಬಾಗಿಲಿನ ನೊರೆ ಕಾಣುವಷ್ಟರಲ್ಲಿ ನಿಲ್ಲಿಸಬೇಕು. ಅಲ್ಲಿ ಹೊಳೆಯ ಸೆಳೆತವೂ ಕಡಲಿನ ಅಲೆಯೂ ಎದುರುಬದುರಾಗುವುದರಿಂದ ಆ ಜಾಗ ಹೊಳೆಯ ದೋಣಿಗೆ ಹೇಳಿಸಿದ್ದಲ್ಲ.

ತಳಂಗರೆಯಲ್ಲಿ ಇಳಿಯುವವರು ಮಾಲಿಕ್ ದೀನಾರ್ ಮಸೀದಿಯನ್ನು ನೋಡಬಹುದು. ಕೇರಳದ ಅತಿ ಹಳೆಯ ಮಸೀದಿಗಳ ಸಾಲಿನಲ್ಲಿ ಅದರ ಹೆಸರು ಬರುತ್ತದೆ. ಮೈ ಮುಚ್ಚುವ ಉಡುಗೆ ಇರಲಿ. ನಮಾಜಿನ ಹೊತ್ತು ತಪ್ಪಿಸಿ ಹೋಗಿ. ಒಳಗೆ ಎಲ್ಲಿಯವರೆಗೆ ಹೋಗಬಹುದೆಂದು ಅಲ್ಲಿನವರನ್ನು ಕೇಳಿ ನಡೆಯಿರಿ. ಕೈಯಲ್ಲಿ ಹೊಲಿದ ಬಿಳಿ ಟೊಪ್ಪಿಗೆ ಹೆಸರಾದ ಊರಿದು. ಒಂದೊಂದು ಟೊಪ್ಪಿಯ ಸುತ್ತಲೂ ಸೂಜಿಯಲ್ಲಿ ಬಿಡಿಸಿದ ಸಣ್ಣ ತೂತುಗಳ ಸಾಲನ್ನು ಹತ್ತಿರದಿಂದ ನೋಡಿದರೆ ಅದಕ್ಕೆ ಕೇಳುವ ಬೆಲೆ ಹೆಚ್ಚೆನಿಸುವುದಿಲ್ಲ.

ಬಳಿಕ ತೆಂಕು ದಡಕ್ಕೆ ದಾಟಿ ಚಂದ್ರಗಿರಿ ಕೋಟೆ ಹತ್ತಬೇಕು. 17ನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕನು ಕಟ್ಟಿಸಿದ್ದೆಂದು ಹೇಳುವ ಈ ಕೆಂಪುಕಲ್ಲಿನ ಕೋಟೆಯೊಳಗೆ ಈಗ ಉಳಿದಿರುವ ಕಟ್ಟಡಗಳು ಕಡಿಮೆ. ಆದರೆ ಕೊತ್ತಳದ ಮೇಲೆ ನಿಂತರೆ ಹೊಳೆ ಕಡಲಿಗೆ ಬೀಳುವ ಜಾಗ ಇಡಿಯಾಗಿ ಕಾಣುತ್ತದೆ, ಕೋಟೆ ಇಲ್ಲೇ ಏಕೆ ಬೇಕಾಗಿತ್ತೆಂಬುದು ವಿವರಣೆಯಿಲ್ಲದೆ ತಿಳಿಯುತ್ತದೆ. ತುಳುನಾಡಿಗೂ ಮಲಯಾಳಕ್ಕೂ ಈ ಹೊಳೆಯೇ ಗಡಿಯೆಂದು ಹಿಂದಿನಿಂದ ಎಣಿಸಲಾಗಿತ್ತು. ಮಲಯಾಳದ ನಾಯರ್ ಸ್ತ್ರೀಯರು ಇದನ್ನು ದಾಟಿ ಬಡಗಿಗೆ ಬರಬಾರದೆಂಬ ಕಟ್ಟಳೆಯೂ ಇತ್ತು. 1956ರಲ್ಲಿ ರಾಜ್ಯಗಳ ಗಡಿ ಎಳೆದವರು ಹೊಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೆಂಬುದು ಇಲ್ಲಿನ ಕನ್ನಡಿಗರ ಹಳೆಯ ಮಾತು. ಅದರ ಚರ್ಚೆ ಇಲ್ಲಿ ಬೇಡ. ಕೋಟೆಯ ಮೇಲೆ ನೆರಳು ಕಡಿಮೆ, ಆದ್ದರಿಂದ ಬೆಳಗ್ಗೆ ಒಂಬತ್ತರ ಒಳಗೆ ಹತ್ತಿ ಇಳಿದುಬಿಡಿ, ಕುಡಿಯುವ ನೀರು ಜೊತೆಗಿರಲಿ.

ಭರತ ಬಲವಾದಾಗ ದೋಣಿಯನ್ನು ಮೇಲಕ್ಕೆ ತಿರುಗಿಸಿ. ಚೆಮ್ನಾಡು, ಪೆರುಂಬಳ, ತೆಕ್ಕಿಲ್ ಎಂದು ದಡದ ಊರುಗಳು ಒಂದೊಂದಾಗಿ ಬರುತ್ತವೆ. ಪೇಟೆಯ ಸದ್ದು ನಿಂತು, ತೆಂಗಿನ ತೋಟ, ನಡುನಡುವೆ ಕಾಂಡ್ಲಾ, ನೀರಿಗಿಳಿಯುವ ಮೆಟ್ಟಿಲುಗಳಿರುವ ಹಳೆಯ ಮನೆಗಳು ಕಾಣತೊಡಗುತ್ತವೆ. ಮೆಟ್ಟಿಲುಗಳೆಲ್ಲ ಖಾಸಗಿಯವು; ಕೇಳದೆ ದೋಣಿ ಕಟ್ಟಬಾರದು. ಮೇಲಿನ ಕೊನೆ ಆಲೂರು ಸಮೀಪದ ಬಾವಿಕ್ಕೆರೆಯ ಅಣೆಕಟ್ಟು. ಕಾಸರಗೋಡು ಪೇಟೆಗೆ ಕುಡಿಯುವ ನೀರು ಹೋಗುವುದು ಅಲ್ಲಿಂದಲೇ. ಕಾಯಂ ಅಣೆಕಟ್ಟು ಆಗುವ ಮೊದಲು ಬೇಸಗೆಯಲ್ಲಿ ಭರತದ ಉಪ್ಪುನೀರು ಅಲ್ಲಿಯವರೆಗೂ ಏರಿ, ಪೇಟೆಯ ನಲ್ಲಿಗಳಲ್ಲಿ ಉಪ್ಪುನೀರು ಬರುತ್ತಿತ್ತು. ಬೇಸಗೆಯ ಚಹಾದ ರುಚಿಯನ್ನು ಹಳಬರು ಇನ್ನೂ ಮರೆತಿಲ್ಲ. ಅಣೆಕಟ್ಟಿನ ಹತ್ತಿರಕ್ಕೆ ಹೋಗದೆ ದೂರದಲ್ಲೇ ನಿಲ್ಲಿಸಿ ಊಟ ಮುಗಿಸಿ ಹಿಂತಿರುಗಿ. ದಾರಿಯಲ್ಲಿ ಹೋಟೆಲು ಸಿಗದು, ಬುತ್ತಿ ಕಟ್ಟಿಕೊಂಡೇ ಹೊರಡಬೇಕು.

ಎರಡನೆಯ ದಿನಕ್ಕೆ ಕಾಸರಗೋಡಿನಿಂದ ಬೆಳಗ್ಗಿನ ರೈಲಿನಲ್ಲಿ ಹೊಸದುರ್ಗದ ಕಾಞಂಗಾಡು ನಿಲ್ದಾಣ ದಾಟಿ ನೀಲೇಶ್ವರದಲ್ಲಿ ಇಳಿಯಿರಿ. ವೇಗದ ರೈಲುಗಳೆಲ್ಲ ಅಲ್ಲಿ ನಿಲ್ಲುವುದಿಲ್ಲವಾದ್ದರಿಂದ ಹೊತ್ತು ನೋಡಿಕೊಳ್ಳಬೇಕು. ದೋಣಿಗಳು ಹೊರಡುವುದು ಪೇಟೆಗೆ ಸಮೀಪದ ಕೋಟ್ಟಪ್ಪುರದಿಂದ. ಇದೇ ಹೆಸರಿನ ಇನ್ನೊಂದು ಊರು ಕೊಡುಂಗಲ್ಲೂರಿನ ಹತ್ತಿರವಿದ್ದು, ಕೊಲ್ಲಂನಿಂದ ಬರುವ 3ನೆಯ ರಾಷ್ಟ್ರೀಯ ಜಲಮಾರ್ಗದಿಂದಾಗಿ ಅದೇ ಹೆಚ್ಚು ಪ್ರಸಿದ್ಧ; ಮೊಬೈಲಿನಲ್ಲಿ ಹುಡುಕುವವರು 'ನೀಲೇಶ್ವರ' ಎಂದು ಸೇರಿಸದಿದ್ದರೆ ಮುನ್ನೂರು ಕಿಲೋಮೀಟರಿನಷ್ಟು ತೆಂಕಿನ ಕಡವನ್ನು ಗೊತ್ತುಮಾಡಿಕೊಂಡಾರು.

ಇಲ್ಲಿ ಎರಡು ಬಗೆಯ ದೋಣಿಗಳಿವೆ. ಅಡುಗೆ, ಮಲಗುವ ಕೋಣೆಗಳಿರುವ ಹೌಸ್‌ಬೋಟು ಒಂದು. ಹತ್ತಾರು ಜನ ಕೂರುವ ಚಿಕ್ಕ ದೋಣಿ ಇನ್ನೊಂದು. ವಯಸ್ಸಾದವರು, ಎಳೆಯ ಮಕ್ಕಳು ಇದ್ದರೆ ಹೌಸ್‌ಬೋಟು ಅನುಕೂಲ. ಆದರೆ ಅದು ಆಳವಿರುವ ನಡುದಾರಿ ಬಿಟ್ಟು ಆಚೀಚೆ ಹೋಗಲಾರದು. ಕಾಂಡ್ಲಾದ ನಡುವಿನ ಕಿರುತೋಡುಗಳೂ ಕುದ್ರುಗಳ (ನೀರಿನ ನಡುವಿನ ನಡುಗಡ್ಡೆಗಳ) ಕಡವುಗಳೂ ಅದಕ್ಕೆ ನಿಲುಕುವುದಿಲ್ಲ. ಊರುಗಳಲ್ಲಿ ಇಳಿಯಬೇಕೆನ್ನುವವರಿಗೆ ಚಿಕ್ಕ ದೋಣಿಯೇ ಮೇಲೆಂದು ನನ್ನ ಅಭಿಪ್ರಾಯ. ರಾತ್ರಿ ದೋಣಿಯಲ್ಲೇ ಉಳಿಯುವುದಾದರೂ ಕತ್ತಲಾದ ಮೇಲೆ ಓಡಿಸಲು ಒತ್ತಾಯಿಸಬೇಡಿ. ಆ ಹೊತ್ತು ಮೀನಿನವರ ಬಲೆಗಳದು.

ತೇಜಸ್ವಿನಿ, ಅಂದರೆ ಕಾರ್ಯಂಗೋಡು ಹೊಳೆ, ಕೊಡಗಿನ ಕಡೆಯ ಘಟ್ಟದಿಂದಲೇ ಬರುವಂಥದ್ದು. ಮೇಲಕ್ಕೆ ಹೋದರೆ ರಾಷ್ಟ್ರೀಯ ಹೆದ್ದಾರಿಯ ಸೇತುವೆ ದಾಟಿ ಪಾಲಾಯಿಯ ಅಣೆಕಟ್ಟು ಸಿಗುತ್ತದೆ. ಉಪ್ಪುನೀರು ತಡೆಯಲು ಅದರ ಷಟರು ಇಳಿಸಿರುವ ತಿಂಗಳುಗಳಲ್ಲಿ ಮುಂದಕ್ಕೆ ದಾರಿಯುಂಟೇ ಎಂದು ದೋಣಿಯವರನ್ನು ಮೊದಲೇ ಕೇಳಿಕೊಳ್ಳಿ. ಆ ಬದಿಯಲ್ಲಿರುವುದು ಕಯ್ಯೂರು. 1941ರ ಮಾರ್ಚ್‌ನಲ್ಲಿ ರೈತರ ಮೆರವಣಿಗೆಗೆ ಎದುರಾದ ಪೊಲೀಸನೊಬ್ಬನು ಇದೇ ಹೊಳೆಗೆ ಹಾರಿ ಮುಳುಗಿ ಸತ್ತನು. ಆ ಪ್ರಕರಣದಲ್ಲಿ ನಾಲ್ವರು ರೈತ ಯುವಕರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ನಿರಂಜನರ 'ಚಿರಸ್ಮರಣೆ' ಕಾದಂಬರಿಯಿಂದಾಗಿ ಕನ್ನಡದ ಓದುಗರಿಗೆ ಕಯ್ಯೂರು ಹೊಸ ಹೆಸರಲ್ಲ. ಹುತಾತ್ಮರ ಸ್ಮಾರಕ ನೋಡಲೆಂದೇ ಮೇಲಕ್ಕೆ ಹೋಗುವವರು ಒಂದು ಅರ್ಧ ದಿನ ಹೆಚ್ಚು ಇಟ್ಟುಕೊಳ್ಳಬೇಕು, ಇಲ್ಲವೇ ರಸ್ತೆಯಲ್ಲಿ ಹೋಗಬೇಕು.

ಉಳಿದವರು ಕೋಟ್ಟಪ್ಪುರದಿಂದ ಕೆಳಕ್ಕೆ ತಿರುಗಲಿ. ಅಚ್ಚಾಂತುರುತ್ತಿಯ ಕುದ್ರು, ಮಡಕ್ಕರದ ಮೀನು ಬಂದರು ದಾಟಿದರೆ ವಲಿಯಪರಂಬದ ಹಿನ್ನೀರು ತೆರೆದುಕೊಳ್ಳುತ್ತದೆ. ಬಲಕ್ಕೆ ಸುಮಾರು 24 ಕಿಲೋಮೀಟರ್ ಉದ್ದದ ಹೊಯಿಗೆಯ ಪಟ್ಟಿ, ಅದರಾಚೆ ಕಡಲು. ಯಾವುದಾದರೊಂದು ಕಡವಿನಲ್ಲಿ ಇಳಿದು, ತೆಂಗಿನ ನಡುವಿನ ಕಾಲುದಾರಿಯಲ್ಲಿ ಕೆಲವು ನಿಮಿಷ ನಡೆದರೆ ಆಚೆ ಬದಿಯ ಕಡಲು ಸಿಗುತ್ತದೆ. ಎಡಕ್ಕೆ ಪಡನ್ನ, ಇಡಯಿಲಕ್ಕಾಡು. ಇಡಯಿಲಕ್ಕಾಡಿನ ನಾಗಬನದಲ್ಲಿ ಮಂಗಗಳ ದಂಡೇ ಇದೆ. ಓಣಂ ಹಬ್ಬದಲ್ಲಿ ಅವಕ್ಕೆ ಸಾಲಾಗಿ ಎಲೆ ಹಾಕಿ ಊಟ ಬಡಿಸುವುದು ವಾಡಿಕೆ. ಉಳಿದ ದಿನಗಳಲ್ಲಿ ನೀವಾಗಿ ತಿನಿಸು ಕೊಡಬೇಡಿ, ಕೈಚೀಲವನ್ನೇ ಕಿತ್ತುಕೊಳ್ಳುತ್ತವೆ.

ನೀರಿನ ನಡುವೆ ಬಿದಿರಿನ ಗಳಗಳನ್ನು ನೆಟ್ಟು ಅಡ್ಡ ಕಟ್ಟಿದ ಚಪ್ಪರಗಳು ಅಲ್ಲಲ್ಲಿ ಕಾಣುತ್ತವೆ. ಅವು ಕಲ್ಲುಮ್ಮಕ್ಕಾಯ, ನಮ್ಮಲ್ಲಿ ಪಚ್ಚಿಲೆ ಎನ್ನುವ ಹಸುರು ಚಿಪ್ಪಿನ ಕೃಷಿ. ಮಳೆಗಾಲ ಕಳೆದು ನೀರು ಉಪ್ಪಾದ ಮೇಲೆ ಮರಿಗಳನ್ನು ಬಟ್ಟೆಯಲ್ಲಿ ಸುತ್ತಿ ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಾರೆ. ಬಟ್ಟೆ ಕೊಳೆತು ಹೋಗುವಷ್ಟರಲ್ಲಿ ಮರಿಗಳು ಹಗ್ಗಕ್ಕೇ ಅಂಟಿಕೊಂಡಿರುತ್ತವೆ. ಮುಂದಿನ ಮಳೆಗೆ ಮೊದಲು ಹಗ್ಗವೇ ಕಾಣದಷ್ಟು ದಪ್ಪಗೆ ಬೆಳೆದ ಗೊಂಚಲನ್ನು ಮೇಲೆತ್ತುತ್ತಾರೆ. ಭರತದಲ್ಲಿ ಗಳಗಳ ತುದಿ ಮಾತ್ರ ಹೊರಗೆ ಕಾಣುವುದರಿಂದ ದಾರಿ ಬಲ್ಲವರಲ್ಲದೆ ಬೇರೆಯವರು ದೋಣಿ ನಡೆಸಬಾರದು. ಎಂಜಿನಿನ ರೆಕ್ಕೆಗೆ ಹಗ್ಗ ಸುತ್ತಿಕೊಂಡರೆ ನಿಮ್ಮ ಪ್ರಯಾಣವೂ ಒಂದು ಮನೆಯವರ ವರ್ಷದ ದುಡಿಮೆಯೂ ಒಟ್ಟಿಗೆ ಕೆಡುತ್ತವೆ.

ಸಸ್ಯಾಹಾರಿಗಳು ದೋಣಿ ಗೊತ್ತುಮಾಡುವಾಗಲೇ ಊಟದ ವಿಷಯ ಹೇಳಿಬಿಡಬೇಕು. ಹೇಳದಿದ್ದರೆ ಕುಚ್ಚಲಕ್ಕಿ ಅನ್ನಕ್ಕೆ ಮೀನಿನ ಸಾರೇ ಬರುತ್ತದೆ. ಚಂದ್ರಗಿರಿಯಿಂದ ತೆಂಕಿಗೆ ಕನ್ನಡ, ತುಳು ಬಲ್ಲವರು ಕಡಿಮೆಯಾಗುತ್ತಾ ಹೋಗುತ್ತಾರೆ. ಅರೆಬರೆ ಮಲಯಾಳವಾದರೂ ಸಾಕು, ವಯಸ್ಸಿನಲ್ಲಿ ಹಿರಿಯರಾದ ದೋಣಿಯವರನ್ನು 'ಏಟ್ಟಾ' (ಅಣ್ಣಾ) ಎಂದೋ, ಮಾಪಿಳ್ಳೆಯವರಾದರೆ 'ಇಚ್ಚಾ' ಎಂದೋ ಕರೆದು "ವೆಳ್ಳಂ ಏರುನ್ನದ್ ಎಪ್ಪೋ" (ನೀರು ಏರುವುದು ಯಾವಾಗ) ಎಂದು ಕೇಳಿದರೆ ಪಟ್ಟಿಯಲ್ಲಿಲ್ಲದ ವಿವರಗಳೂ ಸಿಗುತ್ತವೆ. ತುಲಾ ತಿಂಗಳ ಹತ್ತರಂದು (ಅಕ್ಟೋಬರ್ ಕೊನೆಯ ಹೊತ್ತಿಗೆ) ನೀಲೇಶ್ವರದ ಅಞೂಟ್ಟಂಬಲಂ ವೀರರ್‌ಕಾವಿನಲ್ಲಿ (ಕಾವು ಎಂದರೆ ದೈವದ ಬನ) ತೆಯ್ಯಂಗಳ, ಅಂದರೆ ದೈವದ ಕೋಲಗಳ, ಕಾಲ ತೊಡಗುತ್ತದೆ. ಆ ಬಳಿಕದ ತಿಂಗಳುಗಳಲ್ಲಿ ದಡದ ಯಾವ ಕಾವಿನಲ್ಲಿ ಕೋಲವಿದೆಯೆಂದು ಅವರನ್ನೇ ಕೇಳಬಹುದು.

ಪ್ರಯಾಣವನ್ನು ಆಯಿಟ್ಟಿಯಲ್ಲಿ ಮುಗಿಸುವುದು ಅನುಕೂಲ. ಅದು ತ್ರಿಕ್ಕರಿಪುರಕ್ಕೆ ಸೇರಿದ ದೋಣಿಕಟ್ಟೆ. ರಿಕ್ಷಾದಲ್ಲಿ ರೈಲು ನಿಲ್ದಾಣ ಹತ್ತಿರ. ಬಾಡಿಗೆ ದೋಣಿ ದುಬಾರಿಯೆನಿಸುವವರಿಗೆ ಕೇರಳ ರಾಜ್ಯ ಜಲಸಾರಿಗೆ ಇಲಾಖೆಯ ಸಾಮಾನ್ಯ ಪ್ರಯಾಣಿಕರ ದೋಣಿಯೂ ಆಯಿಟ್ಟಿಯ ಕಡೆಯಿಂದಲೇ. ಹೊತ್ತು ಬದಲಾಗುತ್ತಿರುವುದರಿಂದ ಹಿಂದಿನ ದಿನ ವಿಚಾರಿಸಿಕೊಳ್ಳಬೇಕು. ಬಾಡಿಗೆ ದೋಣಿಯಲ್ಲಿ ಬರುವವರು ಆಯಿಟ್ಟಿಯಲ್ಲಿ ಇಳಿಯುವುದನ್ನು ಹತ್ತುವ ಮೊದಲೇ ಮಾತಾಡಿ ಒಪ್ಪಿಸಿಕೊಳ್ಳಿ, ಏಕೆಂದರೆ ದೋಣಿ ಖಾಲಿಯಾಗಿ ಕೋಟ್ಟಪ್ಪುರಕ್ಕೆ ಹಿಂತಿರುಗಬೇಕಾಗುತ್ತದೆ. ಅದರ ಬಾಡಿಗೆಯೂ ನಿಮ್ಮ ಮೇಲೆಯೇ ಬೀಳುತ್ತದೆ. ತ್ರಿಕ್ಕರಿಪುರದಲ್ಲಿ ಮಂಗಳೂರು ಕಡೆಯ ಸಂಜೆಯ ರೈಲು ತಪ್ಪಿದರೆ ಬಸ್ಸಿನಲ್ಲಿ ಪಯ್ಯನ್ನೂರಿಗೆ ಹೋಗಿ. ಅಲ್ಲಿ ನಿಲ್ಲುವ ರೈಲುಗಳು ಹೆಚ್ಚು.